ಉಪಕರಣದ ಬೆಲೆ ಮತ್ತು ಅದನ್ನು ಹಿಡಿಯುವ ಕೈ

ಅಚೌರ್ಯಾಣುವ್ರತವನ್ನು ಕುರಿತ ಪ್ರವಚನಗಳಲ್ಲಿ ವರ್ತಕನ ತಕ್ಕಡಿಗೆ ದೊರೆಯುವಷ್ಟು ಗಮನ ಗಿರಾಕಿಯ ಚೌಕಾಸಿಗೆ ದೊರೆಯುವುದಿಲ್ಲ. ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವ ಹೀನಾಧಿಕಮಾನೋನ್ಮಾನವನ್ನೂ, ಒಳ್ಳೆಯದರಂತೆ ತೋರುವ ಕೀಳು ವಸ್ತುವನ್ನು ಒಳ್ಳೆಯದೆಂದು ದಾಟಿಸುವ ಪ್ರತಿರೂಪಕವ್ಯವಹಾರವನ್ನೂ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಈ ವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ವ್ಯಾಖ್ಯಾನಿಸುವವರು ಇವೆರಡನ್ನೂ ಮಾರುವವನ ಖಾತೆಗೆ ಬರೆದು ಮುಂದೆ ಸಾಗುತ್ತಾರೆ. ಕೊಳ್ಳುವವನು ಅವರ ದೃಷ್ಟಿಯಲ್ಲಿ ಮೋಸಹೋದ ಬಡಪಾಯಿ. ಅವನಿಗೆ ಎಚ್ಚರಿಕೆ ಹೇಳಬಹುದೇ ಹೊರತು ದೋಷ ಹೇಳುವಂತಿಲ್ಲ. ಆದರೆ ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಎಂದು ಕರ್ಮವನ್ನು ಕೃತ, ಕಾರಿತ, ಅನುಮೋದಿತಗಳಾಗಿ ವಿಂಗಡಿಸಿ ನೋಡುವ ಪರಂಪರೆ ನಮ್ಮದು. ಈ ವಿಂಗಡಣೆಯನ್ನು ಹಿಂಸೆಯ ಪ್ರಕರಣದಲ್ಲಿ ಅಷ್ಟು ಸೂಕ್ಷ್ಮವಾಗಿ ಬಳಸುವ ನಾವು ಖರೀದಿಯ ಪ್ರಕರಣದಲ್ಲಿ ಅದನ್ನು ಮರೆಯುವುದೇಕೆ? ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ಕಬ್ಬಿಣದ ಅಂಗಡಿಗಳಲ್ಲಿ ಮಾರಾಟವಾಗುವ ಕೈ ಉಪಕರಣಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುಡುಗೋಲು, ಗುದ್ದಲಿಗಳಂತಹ ಕ್ಷುಲ್ಲಕ ವಸ್ತುಗಳಿಗೆ ಧರ್ಮವಿಚಾರವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದಿನಾಥ ತೀರ್ಥಂಕರರು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಕೃಷಿ ಮತ್ತು ಶಿಲ್ಪಗಳೆರಡೂ ಉಪಕರಣವಿಲ್ಲದೆ ನಿಲ್ಲತಕ್ಕವಲ್ಲ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ವಿಷವಾಣಿಜ್ಯವನ್ನು ವಿವರಿಸುವಾಗ ಆಯುಧಗಳೊಡನೆ ನೇಗಿಲು, ಯಂತ್ರ, ಕಬ್ಬಿಣಗಳನ್ನೂ ಸೇರಿಸಿದ್ದಾರೆ. ಇಂದು ಆ ನಿಷೇಧವನ್ನು ಅಕ್ಷರಶಃ ಪಾಲಿಸುವ ವರ್ತಕರು ವಿರಳ. ಕಬ್ಬಿಣದ ವ್ಯಾಪಾರದಲ್ಲಿರುವ ಶ್ರಾವಕ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ. ಹಾಗಿದ್ದರೂ ಒಂದು ಮಾತು ಸ್ಪಷ್ಟ. ಉಪಕರಣವು ಕೈಬದಲಾದ ಮಾತ್ರಕ್ಕೆ ಅದರ ಹೊಣೆ ಮುಗಿಯಿತೆಂದು ಹಿರಿಯರು ಭಾವಿಸಿರಲಿಲ್ಲ.

ಈಗ ವಸ್ತುವನ್ನೇ ನೋಡೋಣ. ಅಂಗಡಿಯಲ್ಲಿ ಒಂದೇ ಆಕಾರದ, ಒಂದೇ ಬಣ್ಣದ ಎರಡು ಕುಡುಗೋಲುಗಳು ಬೇರೆ ಬೇರೆ ಬೆಲೆಗೆ ಸಿಗುವುದುಂಟು. ಭೇದವಿರುವುದು ಕಣ್ಣಿಗೆ ಕಾಣದ ಎರಡು ಸಂಗತಿಗಳಲ್ಲಿ. ಮೊದಲನೆಯದು ಲೋಹ. ಉಕ್ಕು ಗಡಸಾಗಬೇಕಾದರೆ ಅದರಲ್ಲಿ ತಕ್ಕಷ್ಟು ಇಂಗಾಲವಿರಬೇಕು. ಕಿಟಕಿ ಸರಳು, ಗೇಟುಗಳಿಗೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಕಾಲು ಪಾಲಿಗಿಂತ ಕಡಿಮೆ. ಅದನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಬಾಯಿ ನಿಲ್ಲುವಷ್ಟು ಗಡಸು ಬರುವುದಿಲ್ಲ. ಹಳ್ಳಿಯ ಕಮ್ಮಾರರು ಹಳೆಯ ಲಾರಿಗಳ ಕಮಾನು ಪಟ್ಟಿಯನ್ನು ಹುಡುಕಿ ತರುವುದು ಈ ಕಾರಣದಿಂದಲೇ. ಅದರಲ್ಲಿ ಇಂಗಾಲ ಸುಮಾರು ಅರ್ಧ ಪಾಲು ಅಥವಾ ತುಸು ಹೆಚ್ಚಿರುತ್ತದೆ. ಲೋಹಶಾಸ್ತ್ರದ ಪುಸ್ತಕ ಓದದೆಯೇ ಅವರು ಅದನ್ನು ಸುತ್ತಿಗೆಯ ಪೆಟ್ಟಿನಿಂದ, ಸಾಣೆಯಲ್ಲಿ ಹಾರುವ ಕಿಡಿಯಿಂದ ಗುರುತಿಸಬಲ್ಲರು.

ಎರಡನೆಯದು ಹದ. ಕಾಸಿ ಬಡಿದ ಅಲಗನ್ನು ಚೆನ್ನಾಗಿ ಕೆಂಪಗೆ ಕಾಯಿಸಿ, ಥಟ್ಟನೆ ತಣಿಸಿದರೆ ಅದು ಗಡಸಾಗುತ್ತದೆ. ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಆದುದರಿಂದ ಮತ್ತೊಮ್ಮೆ ಸಣ್ಣ ಕಾವಿನಲ್ಲಿ ಹಿಡಿದು, ಉಜ್ಜಿದ ಮೈಯ ಮೇಲೆ ಒಣಹುಲ್ಲಿನ ಹಳದಿ ಬಣ್ಣ ಮೂಡಿ ನೀಲಿಗೆ ತಿರುಗುವ ಹೊತ್ತನ್ನು ಕಾಯ್ದು ನಿಲ್ಲಿಸಬೇಕು. ಮೊದಲನೆಯ ಕ್ರಿಯೆಯನ್ನಷ್ಟೆ ಮಾಡಿ ಬಿಟ್ಟರೆ ಕಲ್ಲಿಗೆ ತಗಲಿದೊಡನೆ ಅಲಗು ಚಕ್ಕೆ ಏಳುತ್ತದೆ. ಎರಡನ್ನೂ ಬಿಟ್ಟರೆ ಅಲಗು ಬಾಗುತ್ತದೆ, ಮೊಂಡಾಗುತ್ತದೆ. ಹದಕ್ಕೆ ತಗಲುವುದು ಇದ್ದಿಲು, ತಿದಿ ಒತ್ತುವವನ ಕೂಲಿ ಮತ್ತು ಕಣ್ಣಿಟ್ಟು ನೋಡುವ ಕೆಲವು ನಿಮಿಷಗಳು. ಕಾರ್ಖಾನೆಯಲ್ಲಿಯೂ ಅಷ್ಟೆ, ಅಲ್ಲಿ ತಿದಿಯ ಬದಲು ವಿದ್ಯುತ್ ಕುಲುಮೆಯಿರುತ್ತದೆ. ಬೆಲೆಯನ್ನು ಇಳಿಸೆಂದು ಒತ್ತಾಯ ಬಂದಾಗ ತಯಾರಕನು ಆಕಾರವನ್ನು ಬದಲಿಸುವಂತಿಲ್ಲ, ಬಣ್ಣವನ್ನು ಬಿಡುವಂತಿಲ್ಲ. ಇವೆರಡೂ ಗಿರಾಕಿಯ ಕಣ್ಣಿಗೆ ಬೀಳುತ್ತವೆ. ಇಂಗಾಲ, ಹದ, ದಪ್ಪ, ಗುದ್ದಲಿಯ ಕಣ್ಣಿನ ಬೆಸುಗೆ, ಕಾವಿನ ಮರ ಒಣಗಿದೆಯೋ ಇಲ್ಲವೋ ಎಂಬುದು, ಇಂಥ ಕಡೆಗಳಿಂದಲೇ ಅವನು ರೂಪಾಯಿಗಳನ್ನು ಕೆರೆದು ತೆಗೆಯಬೇಕಾಗುತ್ತದೆ. ಬಣ್ಣ ಮಾತ್ರ ಮೊದಲಿಗಿಂತ ಹೊಳೆಯುತ್ತದೆ.

ಇದಕ್ಕೆ ಉಕ್ಕಿನ ಅಭಾವ ಕಾರಣವೆನ್ನುವಂತಿಲ್ಲ. ಸಂಡೂರಿನ ಬೆಟ್ಟಗಳ ಅದಿರು ಜಗತ್ತಿಗೇ ಗೊತ್ತು. ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದು ತೋರಣಗಲ್ಲಿನಲ್ಲಿದೆ. ಅಲ್ಲಿಂದ ಹೊರಡುವ ಉಕ್ಕಿನ ಸುರುಳಿಗಳು ಲಾರಿಗಳಲ್ಲಿ ಸಾಗುವ ರಸ್ತೆಯ ಪಕ್ಕದ ಹೊಲದಲ್ಲಿಯೇ ಕಳೆ ತೆಗೆಯುವ ಹೆಣ್ಣುಮಗಳ ಕುರ್ಪಿ ಮಧ್ಯಾಹ್ನಕ್ಕೆ ಮೊಂಡಾಗುತ್ತದೆ.

ಹಾಗಾದರೆ ಹಿಂದೆ ಉಪಕರಣಗಳು ಹೇಗೆ ಬಾಳುತ್ತಿದ್ದವು? ಹಿಂದಿನದೆಲ್ಲ ಚಿನ್ನವೆನ್ನುವ ಅಭ್ಯಾಸ ನನಗಿಲ್ಲ. ಆದರೂ ಆಯದ ಪದ್ಧತಿಯಲ್ಲಿದ್ದ ಒಂದು ಲೆಕ್ಕವನ್ನು ಗಮನಿಸಬೇಕು. ಕಮ್ಮಾರನಿಗೆ ರೈತನು ಸುಗ್ಗಿಯಲ್ಲಿ ಇಂತಿಷ್ಟು ಧಾನ್ಯ ಕೊಡುತ್ತಿದ್ದನು. ವರ್ಷವಿಡೀ ಕುಳ ತಟ್ಟಿಕೊಡುವುದು, ಕುಡುಗೋಲಿಗೆ ಬಾಯಿ ಮಾಡಿಕೊಡುವುದು ಕಮ್ಮಾರನ ಪಾಲಿಗಿತ್ತು. ಧಾನ್ಯ ನಿಗದಿಯಾಗಿದ್ದುದರಿಂದ ಕೆಟ್ಟ ಉಪಕರಣ ಮಾಡಿದರೆ ಅದನ್ನು ಮತ್ತೆ ಮತ್ತೆ ರಿಪೇರಿ ಮಾಡುವ ಶ್ರಮ ಅವನ ತಲೆಗೇ ಬರುತ್ತಿತ್ತು. ಮಾಡಿದವನೂ ಬಳಸಿದವನೂ ಒಂದೇ ಊರಿನಲ್ಲಿ ಮುಖಾಮುಖಿಯಾಗಿದ್ದರು. ಈ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಕಮ್ಮಾರನಿಗೆ ಬೇಡವೆನ್ನುವ ಸ್ವಾತಂತ್ರ್ಯವಿರಲಿಲ್ಲ, ಬರಗಾಲದಲ್ಲಿ ಅವನ ಪಾಲೂ ಬತ್ತುತ್ತಿತ್ತು. ಅದು ಮರಳಿ ಬರಬೇಕೆಂದು ಯಾರೂ ಬಯಸಬಾರದು. ಆದರೆ ಅದು ಹೋದಾಗ ಅದರೊಡನೆ ಕೆಟ್ಟ ಉಪಕರಣದ ನಷ್ಟವನ್ನು ಮಾಡಿದವನೇ ಹೊರುವ ನಿಯಮವೂ ಹೋಯಿತು.

ಇಂದು ಆ ನಷ್ಟವನ್ನು ಹೊರುವವರು ಯಾರು? ತನ್ನ ಗದ್ದೆಯಲ್ಲಿ ತಾನೇ ದುಡಿಯುವ ರೈತನು ಕುಡುಗೋಲು ಕೊಳ್ಳುವಾಗ ಉಗುರಿನಿಂದ ಬಡಿದು ನಾದ ಕೇಳುತ್ತಾನೆ, ಹೆಬ್ಬೆರಳಿನಿಂದ ಬಾಯಿ ಸವರುತ್ತಾನೆ, ಕೈಯಲ್ಲಿ ತೂಗಿ ನೋಡುತ್ತಾನೆ. ಐವತ್ತು ಸಲಿಕೆಗಳನ್ನು ಒಟ್ಟಿಗೆ ತರಿಸುವ ಗುತ್ತಿಗೆದಾರ, ಗಿರಣಿಯ ಮಾಲೀಕ, ಸಂಸ್ಥೆಯ ಕಾರ್ಯದರ್ಶಿ ಇವರಾರೂ ಹಾಗೆ ಮಾಡುವುದಿಲ್ಲ. ಸಲಿಕೆ ಹಿಡಿಯುವ ಕೈ ಅವರದಲ್ಲ. ಕೊಳ್ಳುವವನು ಬೇರೆ, ಬಳಸುವವನು ಬೇರೆ ಆದ ಕಡೆಯಲ್ಲೆಲ್ಲ ಉಪಕರಣ ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ. ಕಡಿಮೆ ಬೆಲೆಯ ಲಾಭ ಒಬ್ಬನ ಲೆಕ್ಕಪುಸ್ತಕಕ್ಕೆ ಹೋಗುತ್ತದೆ. ಅದರ ನಷ್ಟ ಇನ್ನೊಬ್ಬನ ರಟ್ಟೆಗೆ, ಬೆನ್ನಿಗೆ ಹೋಗುತ್ತದೆ. ಈ ಎರಡನೆಯ ಲೆಕ್ಕವನ್ನು ಬರೆಯುವ ಪುಸ್ತಕವೇ ಇಲ್ಲ.

ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಕೊಯ್ಲನ್ನು ಈಗ ಬಹುಪಾಲು ಯಂತ್ರಗಳೇ ಮಾಡುತ್ತವೆ. ಆದರೂ ಯಂತ್ರ ಇಳಿಯಲಾರದ ಕೆಸರಿನ ಮೂಲೆಯಲ್ಲಿ, ಮಳೆಗೆ ನೆಲಕ್ಕೊರಗಿದ ಪೈರಿನಲ್ಲಿ, ಬದುವಿನ ಹುಲ್ಲಿನಲ್ಲಿ ಕುಡುಗೋಲೇ ಬೇಕು. ಉಳಿದಿರುವುದು ಕಷ್ಟದ ಭಾಗವೇ ಆದುದರಿಂದ ಕುಡುಗೋಲು ಮೊದಲಿಗಿಂತ ಒಳ್ಳೆಯದಾಗಿರಬೇಕಿತ್ತು. ಕುರುಗೋಡಿನ ಸುತ್ತಿನ ಎರೆಭೂಮಿಯಲ್ಲಿ ಹತ್ತಿ, ಮೆಣಸಿನಕಾಯಿಯ ಸಾಲುಗಳ ನಡುವೆ ಕಳೆ ತೆಗೆಯುವ ಕೆಲಸ ಹೆಂಗಸರದು. ಒಣಗಿ ಬಿರಿದ ಎರೆಯಲ್ಲಿ ಮೊಂಡಾದ ಕುರ್ಪಿ ಹಿಡಿದವಳು ಒಂದು ಗಿಡಕ್ಕೆ ಎರಡು ಪೆಟ್ಟು ಹಾಕಬೇಕಾದಲ್ಲಿ ಐದು ಪೆಟ್ಟು ಹಾಕುತ್ತಾಳೆ. ದಿನಗೂಲಿಯಾದರೆ ನಿಧಾನವೆಂದು ಬೈಗುಳ, ಗುತ್ತಿಗೆಯಾದರೆ ಕೂಲಿಯೇ ಕಡಿಮೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಎಂಬುದೊಂದಿದೆ. ಅದನ್ನು ಎತ್ತಿನ ಗಾಡಿಗೆ ಹೆಚ್ಚು ಮೂಟೆ ಹೇರುವುದೆಂದು ಮಕ್ಕಳಿಗೆ ಕಲಿಸುತ್ತೇವೆ. ಹೇರುವುದು ಮೂಟೆಯನ್ನೇ ಆಗಬೇಕೆಂದಿದೆಯೆ?

ಸರ್ಕಾರದ ಲೆಕ್ಕದಲ್ಲಿ ಈ ವಿಷಯಕ್ಕೆ ಒಮ್ಮೆ ಅಂಕಿಯೂ ದೊರೆತಿತ್ತು. ಉದ್ಯೋಗ ಖಾತರಿ ಯೋಜನೆಯಲ್ಲಿ 2021–22ರಲ್ಲಿ ಕರ್ನಾಟಕದ ದಿನಗೂಲಿ 289 ರೂಪಾಯಿ. ಅದರೊಡನೆ ಸಲಕರಣೆ ಹರಿತಗೊಳಿಸಲು 10 ರೂಪಾಯಿ. ಮೊತ್ತ ಸಣ್ಣದು. ಆದರೆ ಹಾರೆ, ಗುದ್ದಲಿಗಳು ಸವೆಯುತ್ತವೆ, ಸವೆತಕ್ಕೆ ಬೆಲೆಯಿದೆ, ಆ ಬೆಲೆಯನ್ನು ಕೆಲಸ ಮಾಡಿಸುವವನು ಕೊಡಬೇಕು ಎಂಬ ಮೂರು ಸತ್ಯಗಳನ್ನು ಆ ಹತ್ತು ರೂಪಾಯಿ ಒಪ್ಪಿಕೊಂಡಿತ್ತು. ನಮ್ಮ ಖಾಸಗಿ ಹೊಲ, ತೋಟ, ಕಟ್ಟಡಗಳ ಲೆಕ್ಕದಲ್ಲಿ ಅಷ್ಟೂ ಇಲ್ಲ.

ಇದಕ್ಕಿಂತ ಗಂಭೀರವಾದುದು ಎಣ್ಣೆ ಹೊಡೆಯುವ ಪಂಪಿನ ವಿಷಯ. ಹತ್ತಿ, ಮೆಣಸಿನಕಾಯಿ ಬೆಳೆಗಳಿಗೆ ಕೀಟನಾಶಕ ಸಿಂಪಡಿಸುವುದು ಸರಿಯೆ ಎಂಬುದು ಬೇರೆ ಚರ್ಚೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಸಿಂಪಡಿಸುವ ಪಂಪಿನಲ್ಲಿ ಬೆಲೆ ಉಳಿಸುವ ಸುಲಭ ಸ್ಥಳಗಳೆಂದರೆ ಮುಚ್ಚಳದ ವಾಷರು, ಕೊಳವೆಯ ಜೋಡಣೆ ಮತ್ತು ಬೆನ್ನಪಟ್ಟಿ. ವಾಷರು ಔಷಧಕ್ಕೆ ಉಬ್ಬಿ ಬಿರಿದರೆ ದ್ರಾವಣ ಬೆನ್ನ ಮೇಲೆ ಸೋರುತ್ತದೆ. ಒದ್ದೆಯಾದ ಅಂಗಿಯ ಮೂಲಕ ಆ ವಿಷ ಚರ್ಮದೊಳಕ್ಕೆ ಇಳಿಯುತ್ತದೆ. ಇಂಥ ಔಷಧಗಳಲ್ಲಿ ಹಲವು ಚರ್ಮದ ಮೂಲಕವೇ ದೇಹವನ್ನು ಸೇರಬಲ್ಲವು. ಪಂಪು ಕೊಂಡ ಮಾಲೀಕ ಆಗ ಮನೆಯಲ್ಲಿರುತ್ತಾನೆ. ಅಂಗಡಿಯಲ್ಲಿ ಅವನು ಇಳಿಸಿದ ಬೆಲೆಯನ್ನು ಹೊಲದಲ್ಲಿ ಕೂಲಿಯವನ ಬೆನ್ನು ತುಂಬಿಕೊಡುತ್ತದೆ. ಹಿಂಸೆಯಲ್ಲಿ ಕಾರಿತವೆಂದರೆ ಏನೆಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಈಗ ನಮ್ಮ ಸಂಸ್ಥೆಗಳ ಕಡೆಗೆ ಬರೋಣ. ಬಸದಿಗಳ, ವಿದ್ಯಾರ್ಥಿನಿಲಯಗಳ, ಧರ್ಮಶಾಲೆಗಳ ಟ್ರಸ್ಟುಗಳಲ್ಲಿ ಮೂರು ಕೊಟೇಷನ್ ತರಿಸಿ, ಅತಿ ಕಡಿಮೆ ದರದವರಿಗೆ ಆರ್ಡರು ಕೊಡುವುದು ಶುದ್ಧ ಆಡಳಿತದ ಲಕ್ಷಣವೆಂದು ಭಾವಿಸಲಾಗಿದೆ. ಇದರ ಹಿಂದೆ ಒಳ್ಳೆಯ ಉದ್ದೇಶವಿದೆ. ದಾನಿಗಳ ಹಣ ಪೋಲಾಗಬಾರದು, ಪದಾಧಿಕಾರಿಯ ನೆಂಟನಿಗೆ ವ್ಯಾಪಾರ ಹೋಗಬಾರದು. ಸರ್ಕಾರದಲ್ಲಿ ಟೆಂಡರು ಪದ್ಧತಿಯನ್ನು ಬಿಗಿಗೊಳಿಸಿದ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವೂ ಇಂಥದೇ ಕಳವಳದಿಂದ ಹುಟ್ಟಿದ್ದು. ಆದರೆ ಆ ಕ್ರಮದಲ್ಲಿ ಎರಡು ಭಾಗಗಳಿವೆ: ಬೇಕಾದ ವಸ್ತು ಹೇಗಿರಬೇಕೆಂದು ಮೊದಲೇ ಬರೆದು ಹೇಳುವುದು ಒಂದು, ಹಾಗಿರುವವುಗಳಲ್ಲಿ ಕಡಿಮೆ ದರವನ್ನು ಆರಿಸುವುದು ಇನ್ನೊಂದು. ನಮ್ಮ ಟ್ರಸ್ಟುಗಳು ಅನುಕರಿಸುವುದು ಎರಡನೆಯದನ್ನು ಮಾತ್ರ. ‘ಗುದ್ದಲಿ, 12’ ಎಂದಷ್ಟೇ ಬರೆದು ದರ ಕೇಳಿದರೆ ಒಳ್ಳೆಯ ಗುದ್ದಲಿ ಮಾರುವವನು ಸೋಲಲೇಬೇಕು. ಅವನು ಮುಂದಿನ ಸಲ ದರಪಟ್ಟಿಯನ್ನೇ ಕೊಡುವುದಿಲ್ಲ, ಅಥವಾ ತಾನೂ ತೆಳುವಾದ ಗುದ್ದಲಿ ತರಿಸಲು ಕಲಿಯುತ್ತಾನೆ. ಅವನಿಗೆ ಅದನ್ನು ಕಲಿಸಿದ ಗುರು ಯಾರು? ಗುದ್ದಲಿ, ಪಿಕಾಸಿ, ಸಲಿಕೆಗಳಿಗೆ ಭಾರತೀಯ ಮಾನಕಗಳು ಎಂದೋ ಪ್ರಕಟವಾಗಿವೆ. ದರಪಟ್ಟಿ ಕೇಳುವ ಪತ್ರದಲ್ಲಿ ಅವನ್ನು ನಮೂದಿಸುವ ಟ್ರಸ್ಟು ಅಪರೂಪ.

ಲೆಕ್ಕಪರಿಶೋಧಕರಿಗೆ ಮೂರು ಕಾಗದ ಸಿಕ್ಕಿದರೆ ಸಮಾಧಾನ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: 150 ರೂಪಾಯಿಯ ಒಂದು ಉಪಕರಣ ಒಂದು ಸುಗ್ಗಿಗೆ ಮುಗಿಯುತ್ತದೆ, 350 ರೂಪಾಯಿಯದು ನಾಲ್ಕು ಸುಗ್ಗಿ ಬಾಳುತ್ತದೆ. ಮೊದಲನೆಯದಕ್ಕೆ ನಾಲ್ಕು ವರ್ಷಗಳಲ್ಲಿ 600 ರೂಪಾಯಿ ಖರ್ಚಾದರೂ ಪ್ರತಿ ವರ್ಷದ ಲೆಕ್ಕಪತ್ರದಲ್ಲಿ ಅದು ಮಿತವ್ಯಯವಾಗಿಯೇ ಕಾಣುತ್ತದೆ. ಅಗ್ಗವೆಂದು ಮುಗ್ಗಿದ ಜೋಳ ತಂದವನ ಕಥೆಯನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಆದರೆ ಅವನು ಆ ಜೋಳವನ್ನು ತಾನೇ ತಿನ್ನಬೇಕಾಗಿತ್ತು. ಟ್ರಸ್ಟಿನ ಖರೀದಿ ಸಮಿತಿಗೆ ಆ ಕಷ್ಟವೂ ಇಲ್ಲ. ಶಿಖರಕ್ಕೆ ಬಣ್ಣ ಬಳಿಯಲು ತರಿಸಿದ ಏಣಿಯನ್ನು ಹತ್ತುವವನು ಸಮಿತಿಯ ಸದಸ್ಯನಲ್ಲ.

ಗಿರಾಕಿಗೆ ಗುಣ ಕಾಣದೆ ಬೆಲೆ ಮಾತ್ರ ಕಾಣುವ ಮಾರುಕಟ್ಟೆಯಲ್ಲಿ ಒಳ್ಳೆಯ ಸರಕು ತಾನಾಗಿಯೇ ಹಿಂದೆ ಸರಿಯುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರ ಪ್ರಬಂಧವೊಂದರಲ್ಲಿ ನಿರೂಪಿಸಿದರು. ಈ ಕ್ಷೇತ್ರದ ಕೆಲಸಕ್ಕಾಗಿ 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂತು. ಅವರ ಮುಖ್ಯ ಉದಾಹರಣೆ ಹಳೆಯ ಕಾರುಗಳ ವ್ಯಾಪಾರ. ಅದೇ ಪ್ರಬಂಧದಲ್ಲಿ, ಬಜಾರಿನ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ ಕಲ್ಲುಗಳನ್ನು ಆರಿಸುತ್ತ ಕೂರುವ ಭಾರತದ ಗೃಹಿಣಿಯ ಪ್ರಸ್ತಾಪವೂ ಬರುತ್ತದೆಂಬುದನ್ನು ಅಕ್ಕಿಯ ಊರಾದ ಸಿರುಗುಪ್ಪದ ಓದುಗರು ಗಮನಿಸಬೇಕು. ಕಲ್ಲನ್ನು ಮನೆಯಲ್ಲಿ ಕುಳಿತು ಆರಿಸಬಹುದು. ಹದವಿಲ್ಲದ ಅಲಗನ್ನು ಆರಿಸುವ ಮೊರ ಎಲ್ಲಿದೆ?

ಪರಿಸ್ಥಿತಿ ತಿದ್ದಲಾರದ್ದೇನೂ ಅಲ್ಲ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಜರ್ಮನಿಯ ಪರವಾಗಿ ಹೋಗಿದ್ದ ಫ್ರಾಂಟ್ಸ್ ರೊಲೋ ಎಂಬ ಯಂತ್ರಶಾಸ್ತ್ರದ ಪ್ರಾಧ್ಯಾಪಕರು, ತಮ್ಮ ದೇಶದ ಸರಕು ಅಗ್ಗವೂ ಹೌದು, ಕೆಟ್ಟದ್ದೂ ಹೌದು ಎಂಬರ್ಥದ ಪತ್ರಗಳನ್ನು ತಮ್ಮ ನಾಡಿನ ಪತ್ರಿಕೆಗೇ ಬರೆದು ದೊಡ್ಡ ಗದ್ದಲವೆಬ್ಬಿಸಿದರು. ಶೆಫೀಲ್ಡಿನ ಚಾಕು ಕತ್ತರಿಗಳನ್ನು ಹೋಲುವ ಅಗ್ಗದ ಜರ್ಮನ್ ಮಾಲು ಬರುತ್ತಿದೆಯೆಂಬ ದೂರುಗಳ ನಡುವೆ 1887ರಲ್ಲಿ ಬ್ರಿಟನ್ ಕಾನೂನು ಮಾಡಿ, ಅಂಥ ವಿದೇಶಿ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದಿತು. ಅವಮಾನದ ಗುರುತಾಗಿ ಹಚ್ಚಿದ ಆ ಮುದ್ರೆ ಕೆಲವೇ ದಶಕಗಳಲ್ಲಿ ಗುಣದ ಮುದ್ರೆಯಾಯಿತು. ತಮ್ಮವರ ಸರಕನ್ನು ತಮ್ಮವರೇ ಟೀಕಿಸಿದ್ದು ಅಲ್ಲಿ ವ್ಯರ್ಥವಾಗಲಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು. ಅಗ್ಗ ಎಂಬುದೇ ಪಾಪವಲ್ಲ. ದಿನದ ಕೂಲಿಯಲ್ಲಿ ಅಕ್ಕಿ, ಎಣ್ಣೆ, ಮಗುವಿನ ಔಷಧ ಎಲ್ಲವನ್ನೂ ತೂಗಿಸಬೇಕಾದವಳು ಅಗ್ಗದ ಕುರ್ಪಿಯನ್ನೇ ಕೊಳ್ಳುತ್ತಾಳೆ; ದುಬಾರಿಯದೇ ಕಡೆಗೆ ಲಾಭವೆಂದು ಆಕೆಗೆ ಉಪದೇಶಿಸುವುದು ಕ್ರೂರವಾದೀತು. ಒಟ್ಟಿಗೆ ಕೊಡಲು ಹಣವಿಲ್ಲದಿರುವುದೇ ಬಡತನ. ಕಾರ್ಖಾನೆಗಳು ಬಂದು ಉಕ್ಕಿನ ಬೆಲೆ ಇಳಿದದ್ದರಿಂದಲೇ ಬಡವನ ಮನೆಗೂ ಸಲಿಕೆ ಬಂತು. ಕೌಶಲದಿಂದ, ಒಳ್ಳೆಯ ಯಂತ್ರದಿಂದ, ಪೋಲು ತಪ್ಪಿಸಿದ್ದರಿಂದ ಇಳಿದ ಬೆಲೆ ಶುದ್ಧವಾದ ಬೆಲೆ. ನನ್ನ ಆಕ್ಷೇಪವಿರುವುದು ಕೊಡಬಲ್ಲವನು ಚೌಕಾಸಿ ಮಾಡಿ, ಹದದ ಬೆಲೆಯನ್ನೂ ಕಿತ್ತುಕೊಂಡು, ಆ ಉಪಕರಣವನ್ನು ಕೊಡಲಾರದವನ ಕೈಗೆ ಕೊಡುವುದರ ಬಗೆಗೆ. ‘ಗಿರಾಕಿ ಕೇಳುವುದೇ ಇದನ್ನು, ನಾವೇನು ಮಾಡೋಣ’ ಎಂದು ಬಳ್ಳಾರಿಯ ವರ್ತಕರು ಹೇಳಿದರೆ ಆ ಉತ್ತರ ಅರ್ಧ ಸತ್ಯ. ಮೆದು ಉಕ್ಕಿನದೆಂದು ಬಾಯಿಬಿಟ್ಟು ಹೇಳಿ ಮಾರಿದರೆ ಅದು ವ್ಯಾಪಾರ. ಹೇಳದೆ ಮಾರಿದರೆ ಪ್ರತಿರೂಪಕವ್ಯವಹಾರ. ಉಳಿದರ್ಧ ಸತ್ಯ ಗಿರಾಕಿಯ ಬಳಿಯಿದೆ.

ಕೊಂಡ ಮೇಲಿನ ನಿರ್ವಹಣೆಗೆ ಖರ್ಚು ಮಾಡದಿರುವುದೂ ಕಡಿಮೆ ಬೆಲೆಯ ಹಟದ ಇನ್ನೊಂದು ರೂಪ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದನ್ನು ಈ ಮೂರು ಊರುಗಳಲ್ಲಿ ಯಾರೂ ಮರೆತಿಲ್ಲ. ತಾತ್ಕಾಲಿಕ ತಡೆ ಹಲಗೆಗಳನ್ನು ಇಳಿಸಿ ನೀರನ್ನು ನಿಲ್ಲಿಸಲು ಒಂದು ವಾರ ಹಿಡಿಯಿತು. ಆ ಗೇಟುಗಳು ಅಗ್ಗದವೆಂದು ನಾನು ಹೇಳುತ್ತಿಲ್ಲ. ಎಪ್ಪತ್ತು ವರ್ಷ ದುಡಿದ ಕಬ್ಬಿಣ ಅದು. ಆದರೆ ಕಾಲುವೆಯ ನೀರನ್ನೇ ನಂಬಿದವರು ಆ ವಾರವೆಲ್ಲ ಒಂದು ಕೊಂಡಿಯ ಬೆಲೆಯೆಷ್ಟೆಂದು ಯೋಚಿಸುವಂತಾಯಿತು. ಉಗ್ರಾಣದಲ್ಲಿ ತುಕ್ಕು ಹಿಡಿದ ಹಾರೆಗೆ ಒಂದಿಷ್ಟು ಎಣ್ಣೆ ಸವರುವ ವಿಷಯದಲ್ಲಿ ಅದೇ ಯೋಚನೆ ನಮಗೆ ಏಕೆ ಬರುವುದಿಲ್ಲವೋ ತಿಳಿಯದು.

ಟ್ರಸ್ಟುಗಳು ಮಾಡಬಹುದಾದದ್ದು ಹೆಚ್ಚಿನ ಖರ್ಚಿನದೇನೂ ಅಲ್ಲ. ದರಪಟ್ಟಿ ಕೇಳುವಾಗ ತೂಕ, ದಪ್ಪ, ಹದ ಮಾಡಿದ ಅಲಗು ಎಂದು ಬರೆಯಲಿ. ಒಂದೊಂದು ಮಾದರಿ ತರಿಸಿ, ತೋಟದಲ್ಲಿ ದುಡಿಯುವವರ ಕೈಗೆ ಒಂದು ವಾರ ಕೊಟ್ಟು, ಅವರು ಯಾವುದನ್ನು ಇಟ್ಟುಕೊಳ್ಳುತ್ತಾರೆಂದು ನೋಡಲಿ. ಖರೀದಿ ಸಮಿತಿಯಲ್ಲಿ ಅಂಥ ಒಬ್ಬರಿಗೆ ಸ್ಥಾನವಿದ್ದರೆ ಇನ್ನೂ ಒಳ್ಳೆಯದು. ದಾಸ್ತಾನು ಪುಸ್ತಕದಲ್ಲಿ ಕೊಂಡ ದಿನಾಂಕದ ಪಕ್ಕದಲ್ಲಿ ಬಿಸಾಡಿದ ದಿನಾಂಕಕ್ಕೂ ಒಂದು ಕಲಮು ಗೀಚಿದರೆ ಮೂರು ವರ್ಷಗಳಲ್ಲಿ ಯಾವ ಅಂಗಡಿಯ ಮಾಲು ಏನೆಂಬುದು ತಾನಾಗಿ ತಿಳಿಯುತ್ತದೆ. ಕುರುಗೋಡಿನಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಇನ್ನೂ ಕುಲುಮೆ ನಡೆಸುತ್ತಿರುವ ಕಮ್ಮಾರರಿಗೆ ಬಿತ್ತನೆಗೆ ಮೊದಲು ಹಳೆಯ ಅಲಗುಗಳನ್ನು ಕೊಟ್ಟು, ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಬಹುದು. ದೊಡ್ಡ ಯಂತ್ರಗಳ ವಿಷಯದಲ್ಲಿ ಕೃಷಿ ಯಂತ್ರಧಾರೆಯಂತಹ ಬಾಡಿಗೆ ಕೇಂದ್ರಗಳು 2014–15ರಿಂದ ತೋರಿಸಿರುವ ದಾರಿಯೂ ಇದೆ: ಹತ್ತು ಮನೆಗಳು ಹತ್ತು ಕಳಪೆ ಯಂತ್ರಗಳನ್ನು ಕೊಳ್ಳುವ ಬದಲು ಒಂದು ಒಳ್ಳೆಯದನ್ನು ಸರದಿಯಂತೆ ಬಳಸುವುದು. ಅಪರಿಗ್ರಹದ ಹೆಸರನ್ನು ಹೇಳದೆಯೂ ಅದು ನಡೆಯುತ್ತಿದೆ.

ಏಣಿಗಳ ವಿಷಯದಲ್ಲಿ ಮಾತ್ರ ಮಾದರಿ, ಸಭೆ, ನಿರ್ಣಯಗಳಿಗೆ ಕಾಯುವಂತಿಲ್ಲ. ಮೆಟ್ಟಿಲು ಸಡಿಲವಾದುದು, ಬೆಸುಗೆ ಬಿಟ್ಟದ್ದು ಉಗ್ರಾಣದಲ್ಲಿದ್ದರೆ ಅದನ್ನು ಇಂದೇ ಹೊರಗೆ ಹಾಕಬೇಕು; ಬೇರೆಯವರಿಗೆ ದಾನವಾಗಿಯೂ ಕೊಡಬಾರದು.